ಶನಿವಾರದ ಬಟವಾಡೆ, ಆದಿತ್ಯವಾರದ ಕೃಪೆ

ಹಳೇ ಮನೆಯ ಮಾಡು ಬಿಚ್ಚಿಸಿದಾಗ ಒಂದು ಹಂಚನ್ನು ನಾನು ತೆಗೆದಿಟ್ಟುಕೊಂಡೆ. ಅದರ ಬೆನ್ನಲ್ಲಿ ಬಾಸೆಲ್ ಮಿಷನ್ನಿನ ಅಚ್ಚಿದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಇವತ್ತಿಗೂ ಠಣ್ಣೆನ್ನುತ್ತದೆ. ಮಂಗಳೂರಿನ ಜೆಪ್ಪುವಿನ ಕಾರ್ಖಾನೆಯಲ್ಲಿ ನನ್ನ ಅಜ್ಜ ಭಟ್ಟಿಯಿಂದ ಇಳಿಸಿದ ಹಂಚುಗಳನ್ನು ಹೀಗೇ ತಟ್ಟಿ ನೋಡುತ್ತಿದ್ದರು. ಸದ್ದು ಗಟ್ಟಿಯಾಗಿ ಬಂದದ್ದು ಒಂದು ರಾಶಿಗೆ, ಬಿರುಕಿನ ಸದ್ದು ಬಂದದ್ದು ಇನ್ನೊಂದಕ್ಕೆ. ದಿನವಿಡೀ ಹೀಗೆ ಆರಿಸುತ್ತಿದ್ದ ಆ ಮನುಷ್ಯ ಆದಿತ್ಯವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಭೆಗೆ ಹೋಗಿ, ದೇವರು ಮನುಷ್ಯರನ್ನು ಹೀಗೆ ತಟ್ಟಿ ನೋಡಿ ರಾಶಿ ಹಾಕುವುದಿಲ್ಲ ಎಂಬ ಮಾತನ್ನು ಕೇಳಿ ಬರುತ್ತಿದ್ದರು. ಅದನ್ನು ಅವರು ಮನಸಾರೆ ನಂಬಿದ್ದರು.

ಆ ನಂಬಿಕೆ ಜೆಪ್ಪುವಿಗೆ ಬಂದ ದಾರಿ ಉದ್ದದ್ದು. 1505ರಲ್ಲಿ ಜರ್ಮನಿಯ ಎರ್‌ಫರ್ಟ್‌ನಲ್ಲಿ ಮಾರ್ಟಿನ್ ಲೂಥರ್ ಎಂಬ ತರುಣ ಮಠ ಸೇರಿದ. ಉಪವಾಸ, ಜಾಗರಣೆ, ಮತ್ತೆ ಮತ್ತೆ ಪಾಪನಿವೇದನೆ, ಏನು ಮಾಡಿದರೂ ದೇವರು ಮೆಚ್ಚಿದನೆಂಬ ನೆಮ್ಮದಿ ಸಿಗಲಿಲ್ಲ. ಮುಂದೆ ವಿಟೆನ್‌ಬೆರ್ಗ್‌ನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಪಾಠ ಹೇಳುತ್ತಾ ಅವನಿಗೆ ಒಂದು ವಿಷಯ ಹೊಳೆಯಿತು: ನೀತಿವಂತಿಕೆ ಮನುಷ್ಯ ದುಡಿದು ತರುವಂಥದ್ದಲ್ಲ, ದೇವರು ಕೊಡುವಂಥದ್ದು, ನಂಬಿ ಕೈಯೊಡ್ಡಬೇಕು, ಅಷ್ಟೇ. ಪಾಪದ ಶಿಕ್ಷೆಗೆ ಹಣದ ಲೆಕ್ಕದಲ್ಲಿ ಮಾಫಿ ಪತ್ರ ಮಾರುತ್ತಿದ್ದ ಪದ್ಧತಿಯನ್ನು 1517ರ ಅಕ್ಟೋಬರ್ 31ರಂದು ಅವನು ತನ್ನ 95 ವಾದಗಳಿಂದ ಪ್ರಶ್ನಿಸಿದ.

ಅದೇ ಪರಂಪರೆಯಲ್ಲಿ, ಭಕ್ತಿಗೆ ಹೆಸರಾದ ದಕ್ಷಿಣ ಜರ್ಮನಿಯ ಮತ್ತು ಸ್ವಿಸ್ ಸಭೆಗಳವರು 1815ರಲ್ಲಿ ಬಾಸೆಲ್ ಮಿಷನ್ ಕಟ್ಟಿದರು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು.

ಇಲ್ಲಿ ಅವರ ಸಭೆ ಸೇರಿದವರಲ್ಲಿ ಬಿಲ್ಲವರು ಬಹಳ. ನನ್ನ ಅಜ್ಜನ ಹಿರಿಯರೂ ಮೂರ್ತೆ ಮಾಡುತ್ತಿದ್ದವರು. ಕಳ್ಳು ಇಳಿಸುವುದು ಮಿಷನ್ನಿಗೆ ಒಪ್ಪಿಗೆಯಿರಲಿಲ್ಲ. ದೀಕ್ಷಾಸ್ನಾನ ಪಡೆದವರಿಗೆ ಕಸುಬು ಹೋಯಿತು, ಎಷ್ಟೋ ಮಂದಿಗೆ ಮನೆ ಮತ್ತು ಜಮೀನಿನ ಆಸರೆಯೂ ತಪ್ಪಿತು. ಹೊಟ್ಟೆಗೆ ದಾರಿ ತೋರಿಸುವ ಹೊಣೆ ಮಿಷನ್ನಿನ ಮೇಲೆ ಬಿತ್ತು. 1841ರಲ್ಲಿ ಮುದ್ರಣಾಲಯ ಬಂತು, ಆಮೇಲೆ ನೇಯ್ಗೆ ಬಂತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಇಲ್ಲಿನ ನದೀತೀರದ ಆವೆಮಣ್ಣನ್ನು ಪರೀಕ್ಷಿಸಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಣ್ಣನ್ನು ನೆನೆಸಿ, ಅರೆದು, ಅಚ್ಚಿಗೊತ್ತಿ, ನೆರಳಲ್ಲಿ ಒಣಗಿಸಿ, ಭಟ್ಟಿಯಲ್ಲಿ ಬೇಯಿಸುವ ಕೆಲಸ. ಮಂಗಳೂರು ಹಂಚು ಕಡಲು ದಾಟಿ ಹೆಸರು ಮಾಡಿತು.

ಕೂಲಿಯ ಆಸೆಗೆ ಜನ ಸಭೆ ಸೇರುತ್ತಾರೆ ಎಂಬ ಅನುಮಾನ ಆಗಲೇ ಇತ್ತು, ಮಿಷನ್ನಿನ ಒಳಗೂ ಇತ್ತು. ಸಭೆಯ ಕಟ್ಟಳೆಗಳೂ ಬಿಗಿಯಾಗಿದ್ದವು. ತಪ್ಪಿದವರನ್ನು ಪ್ರಭುಭೋಜನದಿಂದ ದೂರ ಇಡುತ್ತಿದ್ದರು. ಕೃಪೆ ಪುಕ್ಕಟೆ ಎಂದು ಸಾರಿದವರಿಗೂ ಲೆಕ್ಕದ ಪುಸ್ತಕ ಮುಚ್ಚುವುದು ಸುಲಭವಾಗಲಿಲ್ಲ. ಇದನ್ನು ಮರೆಮಾಚಿ ನಮ್ಮ ಸಭೆಯ ಚರಿತ್ರೆ ಬರೆಯಬಾರದು ಎಂದು ನಾನು ನಂಬಿದ್ದೇನೆ.

ಆದರೆ ಪೌಲನ ಆ ಪತ್ರಿಕೆಯ ನಾಲ್ಕನೆಯ ಅಧ್ಯಾಯ ಅರ್ಥವಾಗಲು ಕಾರ್ಖಾನೆಯ ಆಳಿಗಿಂತ ಯೋಗ್ಯರು ಯಾರು? ಕೆಲಸ ಮಾಡಿದವನ ಕೈಗೆ ಬರುವ ಕೂಲಿ ಯಾರ ಉಪಕಾರವೂ ಅಲ್ಲ, ಅದು ಅವನಿಗೆ ಸಲ್ಲಬೇಕಾದ ಬಾಕಿ, ದೇವರ ಕೃಪೆ ಆ ಬಗೆಯದ್ದಲ್ಲ ಎಂದು ಅಲ್ಲಿ ಪೌಲ ವಾದಿಸುತ್ತಾನೆ. ಶನಿವಾರದ ಬಟವಾಡೆಯಲ್ಲಿ ಒಂದಾಣೆ ಕಡಿಮೆ ಬಂದರೂ ಅಜ್ಜ ಮೇಸ್ತ್ರಿಯನ್ನು ಕೇಳದೆ ಬಿಡುತ್ತಿರಲಿಲ್ಲ. ಅದು ಅವರ ಹಕ್ಕು. ಆದಿತ್ಯವಾರ ಪ್ರಭುಭೋಜನದ ರೊಟ್ಟಿಗೆ ಮಾತ್ರ ತಲೆ ತಗ್ಗಿಸಿ ಎರಡೂ ಅಂಗೈ ಒಡ್ಡುತ್ತಿದ್ದರು.

ಈ ವ್ಯತ್ಯಾಸವನ್ನು ಕನ್ನಡವೇ ಕಾಪಾಡಿಕೊಂಡು ಬಂದಿದೆ. 1831ರ ಹೊತ್ತಿಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮುಂತಾದವರು ಇಡೀ ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಕೃಪೆ ಎಂಬ ಮಾತಾದರೋ ಅದಕ್ಕೂ ಹಳೆಯದು, ಶರಣರೂ ದಾಸರೂ ಬಳಸಿ ಬಳಸಿ ಹದ ಮಾಡಿದ್ದು. ಪುಣ್ಯವನ್ನು ನಾವು ಗಳಿಸುತ್ತೇವೆ, ಸಂಪಾದಿಸುತ್ತೇವೆ, ಕಟ್ಟಿಕೊಳ್ಳುತ್ತೇವೆ. ಕೃಪೆಯನ್ನು ಯಾರೂ ಗಳಿಸುವುದಿಲ್ಲ, ಕೃಪೆ ‘ಆಗಬೇಕು’. ‘ನನಗೆ ಕೃಪೆಯಾಯಿತು’ ಎನ್ನುವಾಗ ಮಾಡುವವನ ಜಾಗದಲ್ಲಿ ‘ನಾನು’ ಇಲ್ಲ. ಹಸಿವಾಯಿತು, ನೆನಪಾಯಿತು, ಬೆಳಗಾಯಿತು ಎನ್ನುವ ಹಾಗೆಯೇ ಅದೂ.

ಕೊನೆಯ ವರ್ಷ ಅಜ್ಜನ ಕೈಗಳು ಬಿದ್ದುಹೋದವು. ಅಜ್ಜಿ ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತರೆ ಅವರು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ದುಡಿಯದೆ ಉಂಡು ಅಭ್ಯಾಸವಿರಲಿಲ್ಲ. ಒಂದು ಸಂಜೆ ಅಜ್ಜಿ ಬಟ್ಟಲನ್ನು ಕೆಳಗಿಡದೆ, ಸ್ವಲ್ಪವೂ ದನಿ ಏರಿಸದೆ ತುಳುವಿನಲ್ಲಿ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ:

“ನೀವು ದುಡಿದದ್ದಕ್ಕೆಲ್ಲ ಬಟವಾಡೆ ಆಗಿದೆ. ಇದು ಬಟವಾಡೆ ಅಲ್ಲ. ಬಾಯಿ ತೆರೆಯಿರಿ.”

ಅಜ್ಜ ಬಾಯಿ ತೆರೆದರು.