ಗಂಟೆ ಲೆಕ್ಕದ ನೆಟ್ ಹೋಗಿ ಮುಗಿಯದ ನೆಟ್ ಬಂದ ಕಥೆ

ತುಮಕೂರು ರಸ್ತೆಯ ಟಿ. ದಾಸರಹಳ್ಳಿಯಲ್ಲಿ ರೂಮು ಮಾಡಿಕೊಂಡು ಕಾಲೇಜಿಗೆ ಹೋಗುವವರಲ್ಲಿ ನಮ್ಮ ಹಳ್ಳಿಗಳ ಮಕ್ಕಳೂ ಇದ್ದಾರೆ. ಊರಿಂದ ಅಪ್ಪ ಅಮ್ಮ ಫೋನ್ ಮಾಡಿದರೆ ಕೇಳುವುದು ಒಂದೇ ಮಾತು: "ಓದ್ತಿದೀಯೋ, ಮೊಬೈಲ್ ಹಿಡ್ಕೊಂಡು ಕೂತಿದೀಯೋ?" ಈ ಪ್ರಶ್ನೆಯ ಹಿಂದೆ ಮೂವತ್ತು ವರ್ಷದ ಇತಿಹಾಸವಿದೆ. ಬೈಯುವ ಮೊದಲು ಅದನ್ನು ಒಮ್ಮೆ ನೋಡೋಣ.

ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗ ಟೆಲಿಫೋನ್ ತಂತಿಯಲ್ಲೇ ನೆಟ್ ಬರಬೇಕಿತ್ತು. ನೆಟ್ ಹಾಕಿದರೆ ಮನೆಯ ಫೋನ್ ಎಂಗೇಜ್. ಆಮೇಲೆ ಸೈಬರ್ ಕೆಫೆಗಳು ಬಂದವು. ಅಲ್ಲಿ ಗಂಟೆಗಿಷ್ಟು ಅಂತ ದುಡ್ಡು. ಕರ್ನಾಟಕದಲ್ಲಿ 2004ರ ನಿಯಮ ಬಂದ ಮೇಲೆ ಗುರುತಿನ ಚೀಟಿ ತೋರಿಸಿ ಹೆಸರು ಬರೆಸಬೇಕಾಯಿತು. ಜೇಬು ಖಾಲಿಯಾದರೆ ಏಳಬೇಕು. ಶಟರ್ ಎಳೆದರೆ ರೂಮಿಗೆ ಹೋಗಬೇಕು.

ಹಾಗಂತ ಆಗ ಚಟ ಇರಲಿಲ್ಲ ಅಂತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ 1996ರಲ್ಲೇ ಇಂಟರ್ನೆಟ್ ಚಟದ ಬಗ್ಗೆ ಅಧ್ಯಯನ ಮಂಡಿಸಿದ್ದರು. ಆದರೆ ಆಗ ಚಟಕ್ಕೊಂದು ಬೇಲಿ ಇತ್ತು.

ಆ ಬೇಲಿ ಒಂದೊಂದೇ ಕಡೆ ಬಿದ್ದುಹೋಯಿತು. 2006ರಲ್ಲಿ ಏಜಾ ರಸ್ಕಿನ್ ಎಂಬ ಅಮೆರಿಕದ ತಂತ್ರಜ್ಞ, ಬೆರಳಾಡಿಸಿದಷ್ಟೂ ಪುಟ ಮುಗಿಯದೆ ಬರುತ್ತಲೇ ಇರುವ ವಿಧಾನ ರೂಪಿಸಿದರು. ಮುಂದೆ ಅದಕ್ಕಾಗಿ ಅವರೇ ಪಶ್ಚಾತ್ತಾಪಪಟ್ಟರು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂತು. ಮೊದಲ ಕೆಲವು ತಿಂಗಳು ಡೇಟಾ ಪುಕ್ಕಟೆ, ಆಮೇಲೆ ಅಗ್ಗ. ದುಡ್ಡಿನ ತಡೆಯೂ ಹೋಯಿತು. 2020ರ ಲಾಕ್‌ಡೌನ್‌ನಲ್ಲಿ ಪಾಠವೇ ಮೊಬೈಲಿಗೆ ಬಂತು. ಅದೇ ವರ್ಷ ಜುಲೈನಲ್ಲಿ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ಶುರು ಮಾಡಿತು. ಓದುವುದಕ್ಕೂ ಹೊತ್ತು ಕಳೆಯುವುದಕ್ಕೂ ಒಂದೇ ಫೋನ್ ಆಯಿತು.

ಇದು ಬರೀ ಶಿಸ್ತಿನ ವಿಷಯವಲ್ಲ ಎಂದು ವೈದ್ಯಲೋಕ ಮೊದಲೇ ಗುರುತಿಸಿತ್ತು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ, ಅಂದರೆ ಜಿಯೋಗಿಂತ ಎರಡು ವರ್ಷ ಮೊದಲು, ಇದಕ್ಕಾಗಿ 'ಶಟ್' ಎಂಬ ಕ್ಲಿನಿಕ್ ತೆರೆಯಿತು. ದೇಶದಲ್ಲಿ ಇಂಥದ್ದು ಅದೇ ಮೊದಲು. ಇನ್ನು ವಿಶ್ವ ಆರೋಗ್ಯ ಸಂಸ್ಥೆ ವಿಡಿಯೊ ಗೇಮ್ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಕೈ ಮೀರಿ ಹೋಗುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ನಷ್ಟವಾದರೂ ಬಿಡಲಾಗದಿರುವುದು, ಇವು ಅದರ ಲಕ್ಷಣಗಳು.

ನಾವು ಹೇಳುವುದು ಇಷ್ಟೇ. ಮಕ್ಕಳು ಕೆಟ್ಟವರಾಗಲಿಲ್ಲ, ತಡೆಗಳು ಮಾಯವಾದವು. ಈಗ ಆ ಬೇಲಿಯನ್ನು ನಾವೇ ಹಾಕಿಕೊಳ್ಳಬೇಕು. ಮಲಗುವಾಗ ಫೋನನ್ನು ಹಾಸಿಗೆಯಿಂದ ದೂರ ಚಾರ್ಜಿಗೆ ಇಡಿ. ರೂಮಿನವರೆಲ್ಲ ಸೇರಿ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ನಿದ್ದೆ, ಊಟ, ಕಾಲೇಜು ತಪ್ಪುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಕ್ಕಳು ಮಾಡದಿದ್ದರೆ ಊರಿಂದ ನೀವೇ ಮಾಡಿ ಕೇಳಿ.