ಕಲ್ಲಿನ ಮೇಲೊಂದು ಕೌದಿ

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಹಳೆಯ ಮನೆಗಳಲ್ಲಿ ಕಲ್ಲಿಗೆ ಬರವಿಲ್ಲ. ನೆಲಕ್ಕೆ ಫರಸಿ, ಗೋಡೆಗೆ ಕಲ್ಲು, ಎಷ್ಟೋ ಕಡೆ ಮಾಳಿಗೆಗೂ ಕಲ್ಲೇ. ಮನೆ ಮುಂದಿನ ಕಟ್ಟೆಗೆ ಹಾಸಿದ್ದೂ ಅದೇ. ಊಟ, ಹರಟೆ, ಮಕ್ಕಳ ಪಾಠ ಎಲ್ಲವೂ ಆ ಕಲ್ಲಿನ ಮೇಲೆ ನಡೆದುಹೋಗುತ್ತವೆ. ಆದರೆ ರಾತ್ರಿ ಮೈ ಚಾಚುವ ಹೊತ್ತಿಗೆ ಕಲ್ಲು ಕಲ್ಲೇ. ಅದರ ಮೇಲೆ ಏನಾದರೂ ಹಾಸಿಕೊಳ್ಳಲೇಬೇಕು.

ಈಗ ಪೇಟೆಯ ಹಾಸಿಗೆ ಅಂಗಡಿಗಳಲ್ಲಿ ‘ಮ್ಯಾಟ್ರೆಸ್ ಟಾಪರ್’ ಎಂಬ ಸರಕು ಸಿಗುತ್ತದೆ. ಇದ್ದ ಹಾಸಿಗೆ ಗಟ್ಟಿಯೆನಿಸಿದರೆ ಅದನ್ನು ಬದಲಿಸಬೇಕಾಗಿಲ್ಲ. ಅದರ ಮೇಲೆ ಎರಡು ಮೂರು ಅಂಗುಲದ ಮೆತ್ತನೆಯ ಪದರು ಹಾಸಿದರೆ ಸಾಕು. ಹೆಸರು ಹೊಸದು, ಉಪಾಯ ಹಳೆಯದು. ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು ಕೌದಿ. ಅದನ್ನು ಹೊಲಿದ ಕೈಗಳ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ಹಾಸುಗಲ್ಲು, ಹಾಸಿಗೆ

‘ಹಾಸು’ ಎಂಬ ಕ್ರಿಯಾಪದ ಹಳಗನ್ನಡದಲ್ಲಿ ‘ಪಾಸು’ ಎಂದಿತ್ತು. ನೆಲಕ್ಕೆ ಹಾಸುವ ಕಲ್ಲು ಹಾಸುಗಲ್ಲು. ಮೈಗೆ ಹಾಸಿಕೊಳ್ಳುವುದು ಹಾಸಿಗೆ. ಈ ಎರಡೂ ಮಾತುಗಳು ಒಂದೇ ಬೇರಿನಿಂದ ಹುಟ್ಟಿದವು. ಶಹಾಬಾದ ಪರಿಸರದಲ್ಲಿ ಎರಡೂ ಒಂದರ ಮೇಲೊಂದು ಕೂಡುತ್ತವೆ.

ಶಹಾಬಾದ ಕಲ್ಲು ಒಂದು ಬಗೆಯ ಸುಣ್ಣಕಲ್ಲು. ಭೀಮಾ ನದಿಯ ಹೆಸರಿನಲ್ಲೇ ಭೂವಿಜ್ಞಾನಿಗಳು ಗುರುತಿಸುವ ಶಿಲಾ ಸಮೂಹಕ್ಕೆ ಇದು ಸೇರುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಪದರು ಪದರಾಗಿ ಕೂತದ್ದರಿಂದ ಇದು ಪದರುಗುಂಟ ಹಲಗೆಯಂತೆ ಸೀಳಿ ಬರುತ್ತದೆ. ಹೆಚ್ಚು ಕೆತ್ತುವ ಕೆಲಸವಿಲ್ಲದೆ ನೆಲಕ್ಕೆ ಹಾಸಬಹುದಾದ ಕಲ್ಲಿದು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮರ ರೈಲು ಹೊರಟಿತು. ಹಳಿ ಬಂದ ಮೇಲೆ ಈ ಭಾರದ ಕಲ್ಲಿಗೆ ದೂರದ ಊರುಗಳ ದಾರಿ ತೆರೆಯಿತು. ಇದೇ ಸುಣ್ಣಕಲ್ಲಿನಿಂದ ಸಿಮೆಂಟ್ ತಯಾರಿಸುತ್ತಿದ್ದ ಶಹಾಬಾದ ಸಿಮೆಂಟ್ ಕಂಪನಿಯು 1936ರಲ್ಲಿ ಹಲವು ಕಂಪನಿಗಳ ವಿಲೀನದಿಂದ ಹುಟ್ಟಿದ ಎ.ಸಿ.ಸಿ.ಯ ಭಾಗವಾಯಿತು.

ಬೇಸಿಗೆಯಲ್ಲಿ ಈ ಕಲ್ಲಿನಂಥ ಹಾಸಿಗೆ ಇನ್ನೊಂದಿಲ್ಲ. ಉಷ್ಣಾಂಶ 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ನೆಲಕ್ಕೆ ನೀರು ಚಿಮುಕಿಸಿ ಬರೀ ಚಾಪೆ ಹಾಸಿಕೊಂಡರೂ ನಿದ್ದೆ ಬರುತ್ತದೆ. ಚಳಿಗಾಲದಲ್ಲಿ ಅದೇ ನೆಲ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಕಲ್ಲು ಶಾಖವನ್ನು ಬೇಗ ಸಾಗಿಸುತ್ತದೆ, ಗಾಳಿ ಸಾಗಿಸುವುದಿಲ್ಲ. ಆದ್ದರಿಂದ ಕಲ್ಲಿಗೂ ಮೈಗೂ ನಡುವೆ ಗಾಳಿಯನ್ನು ಹಿಡಿದಿಡುವ ಏನಾದರೊಂದು ಬೇಕು. ಬಟ್ಟೆಯ ಪದರುಗಳು ಮಾಡುವುದು ಈ ಕೆಲಸವನ್ನೇ. ಬೇಸಿಗೆಗೆ ಒಂದು ಪದರು ತೆಗೆದು, ಚಳಿಗೆ ಒಂದು ಪದರು ಕೂಡಿಸಿ, ಮುದುಕರಿಗೆ, ಬಾಣಂತಿಗೆ ಇನ್ನೊಂದು ಹೆಚ್ಚಿಗೆ ಹಾಕಿ ಮನೆಯವರು ಹಾಸಿಗೆಯನ್ನು ಹೊಂದಿಸಿಕೊಳ್ಳುತ್ತಿದ್ದರು.

ಅರಸನ ಹಾಸಿಗೆ

ಋತುವಿಗೆ ತಕ್ಕ ಹಾಸಿಗೆ ಎಂಬ ಯೋಚನೆ ಬಡವರದು ಮಾತ್ರವಲ್ಲ. ಶಹಾಬಾದದಿಂದ ಉತ್ತರಕ್ಕಿರುವ ಇಂದಿನ ಬಸವಕಲ್ಯಾಣ 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅರಸನು ಅನುಭವಿಸಬೇಕಾದ 20 ಉಪಭೋಗಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದಾನೆ. ಸ್ನಾನ, ತಾಂಬೂಲ, ವಸ್ತ್ರ, ಅನ್ನ ಮೊದಲಾದವುಗಳ ಜೊತೆಗೆ ಶಯ್ಯೆಗೂ ಒಂದು ಸ್ಥಾನವಿದೆ. ಹಾಸಿಗೆಯ ಒಳಗೆ ಏನನ್ನು ತುಂಬಬೇಕು, ಯಾವ ಕಾಲಕ್ಕೆ ಯಾವ ಹಾಸಿಗೆ ಹಿತ ಎಂಬುದು ಅಲ್ಲಿ ರಾಜಭೋಗದ ವಿಷಯ.

ಅರಸನಿಗೆ ಋತುವಿಗೊಂದು ಹಾಸಿಗೆ. ಪ್ರಜೆಗೆ ಇದ್ದದ್ದೊಂದೇ ನೆಲ, ಅದರ ಮೇಲೆ ಕೂಡಿಸುವ ಕಳೆಯುವ ಪದರುಗಳು. ಅರಸನ ಹಾಸಿಗೆ ಗ್ರಂಥದಲ್ಲಿ ಉಳಿಯಿತು. ಪ್ರಜೆಯ ಹಾಸಿಗೆ ಹರಿದು, ಮತ್ತೊಂದು ಕೌದಿಯ ಒಳಗೆ ಸೇರಿಹೋಯಿತು.

ಪದರಿನ ಉಪಾಯವಾದರೋ ಮನುಷ್ಯನಷ್ಟೇ ಹಳೆಯದು. ದಕ್ಷಿಣ ಆಫ್ರಿಕದ ಸಿಬುಡು ಎಂಬ ಗುಹೆಯಲ್ಲಿ ಸುಮಾರು 77 ಸಾವಿರ ವರ್ಷಗಳ ಹಿಂದಿನ ಹಾಸಿಗೆ ಸಿಕ್ಕಿರುವುದನ್ನು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕೆಳಗೆ ಜೊಂಡಿನಂಥ ಹುಲ್ಲಿನ ದಪ್ಪ ಪದರು, ಮೇಲೆ ಕೀಟಗಳನ್ನು ದೂರವಿಡುವ ಎಲೆಗಳ ತೆಳು ಹಾಸು. ಯುರೋಪಿನಲ್ಲಿ ಹುಲ್ಲು ತುಂಬಿದ ಚೀಲದ ಮೇಲೆ ಹಕ್ಕಿಯ ಪುಕ್ಕ ತುಂಬಿದ ಹಾಸಿಗೆ ಹಾಕುತ್ತಿದ್ದರು. ಪುಕ್ಕದ ಹಾಸಿಗೆ ಎಷ್ಟು ಬೆಲೆಬಾಳುತ್ತಿತ್ತೆಂದರೆ ಜನ ಅದನ್ನು ಮಕ್ಕಳಿಗೆ ಉಯಿಲಿನಲ್ಲಿ ಬರೆದುಕೊಡುತ್ತಿದ್ದರು.

ಪಿಂಜಾರರ ಬಿಲ್ಲು

ನಮ್ಮಲ್ಲಿ ಪುಕ್ಕದ ಜಾಗದಲ್ಲಿದ್ದದ್ದು ಹತ್ತಿ. ಅನುಕೂಲವಿದ್ದ ಮನೆಗಳಲ್ಲಿ ಚಾಪೆ ಅಥವಾ ಜಮಖಾನದ ಮೇಲೆ ಹತ್ತಿಯ ಗಾದಿ, ಅದರ ಮೇಲೆ ಕೌದಿ. ಗಾದಿಯ ಹತ್ತಿ ಮೈಭಾರಕ್ಕೆ ದಿನೇ ದಿನೇ ಒತ್ತಿಕೊಂಡು ಗಂಟು ಗಂಟಾಗುತ್ತದೆ. ಎಳೆಗಳ ನಡುವಿನ ಗಾಳಿ ಹೊರಟುಹೋದರೆ ಮೆತ್ತಗಿನ ಗುಣವೂ ಹೋಯಿತು. ಆಗ ಬೇಕಾದವರು ಪಿಂಜಾರರು.

ನದಾಫರೆಂದೂ ಕರೆಯುವ ಪಿಂಜಾರರು ಹತ್ತಿ ಹಿಂಜುವುದನ್ನೇ ಕಸುಬಾಗಿಸಿಕೊಂಡ ಮುಸ್ಲಿಂ ಸಮುದಾಯ. ಸೇಡಂ ಗಡಿ ದಾಟಿ ತೆಲುಗು ಸೀಮೆಗೆ ಹೋದರೆ ಇದೇ ಕಸುಬಿನವರು ದೂದೇಕುಲದವರು. ಆಳೆತ್ತರದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಅವರು ಓಣಿಗೆ ಬಂದರೆ ಗಾದಿಗಳು ಹೊರಬರುತ್ತಿದ್ದವು. ಹುರಿಯನ್ನು ಹತ್ತಿಯ ರಾಶಿಗೆ ತಾಗಿಸಿ ಮರದ ಕೊಡತಿಯಿಂದ ಮೀಟಿದರೆ ಗಂಟು ಬಿಡಿಸಿಕೊಂಡು ಎಳೆಗಳು ಹಾರುತ್ತಿದ್ದವು. ಸಂಜೆಯ ಹೊತ್ತಿಗೆ ಅದೇ ಹಳೆಯ ಹತ್ತಿ ಇಮ್ಮಡಿಯಾಗಿ ಕಾಣುತ್ತಿತ್ತು. ಹಿಂಜುವವರ ಮೂಗು, ಗಂಟಲಿಗೆ ಹೋಗುತ್ತಿದ್ದ ಧೂಳಿಗೆ ಮಾತ್ರ ಬೇರೆ ಕೂಲಿ ಇರಲಿಲ್ಲ. ಮುಂದೆ ಹತ್ತಿ ಹಿಂಜುವ ಯಂತ್ರ ಬಂದಿತು, ಬಿಲ್ಲಿನ ಸದ್ದು ಓಣಿಗಳಲ್ಲಿ ಅಪರೂಪವಾಯಿತು. ಇಂದು ಕರ್ನಾಟಕದ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಈ ಸಮುದಾಯದ ಹೆಸರಿದೆ.

ಹಳೆ ಸೀರೆ, ಹೊಸ ಹಾಸು

ಗಾದಿಗೆ ಹತ್ತಿ ಕೊಳ್ಳಬೇಕು, ಕೂಲಿ ಕೊಡಬೇಕು. ಕೌದಿಗೆ ಬೇಕಾದದ್ದು ಮನೆಯಲ್ಲೇ ಇರುತ್ತದೆ. ಉಟ್ಟು ಸವೆದ ಸೀರೆ, ಧೋತರ, ಅಂಗಿ, ಮಕ್ಕಳ ಲಂಗ ಎಲ್ಲವೂ ಅದಕ್ಕೆ ಆದೀತು. ಒಗೆದು ಒಣಗಿಸಿದ ಸೀರೆಗಳನ್ನು ಫರಸಿಯ ಮೇಲೆ ಸುಕ್ಕಿಲ್ಲದಂತೆ ಒಂದರ ಮೇಲೊಂದು ಹಾಸುತ್ತಾರೆ. ಮೇಲಿನ ಪದರಿಗೆ ಬಣ್ಣ ಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ. ದಪ್ಪ ದಾರದಿಂದ ಅಂಚು ಹಿಡಿದು ಸಾಲು ಸಾಲಾಗಿ ಹೊಲಿಗೆ ಹಾಕುತ್ತ ನಡುವಿಗೆ ಬರುತ್ತಾರೆ. ಹೊಸ ಬಟ್ಟೆಗಿಂತ ಹಳೆಯದೇ ಇದಕ್ಕೆ ಮೇಲು. ನೂರಾರು ಸಲ ಒಗೆದ ಹತ್ತಿ ಬಟ್ಟೆಯ ಮೆದುವು ಹೊಸದಕ್ಕೆ ಬಾರದು. ಹೊಲಿಗೆಯ ಸಾಲುಗಳ ನಡುವೆ ಬಟ್ಟೆ ಸಣ್ಣಗೆ ಉಬ್ಬಿಕೊಳ್ಳುತ್ತದೆ. ಗಾಳಿ ನಿಲ್ಲುವುದು ಅಲ್ಲಿಯೇ.

ಸುಗ್ಗಿ ಮುಗಿದ ಮೇಲಿನ ಮಧ್ಯಾಹ್ನಗಳು ಇದಕ್ಕೆ ಮೀಸಲು. ಅತ್ತೆ, ಸೊಸೆ, ನೆರೆಯವರು ಎದುರುಬದುರು ಕೂತು ಹೊಲಿಯುತ್ತಾರೆ. ಉತ್ತರ ಕರ್ನಾಟಕದ ಕೆಲವೆಡೆ ಗೊಂದಲಿಗ ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳು ಊರೂರಿಗೆ ಹೋಗಿ ಕೂಲಿಗೆ ಕೌದಿ ಹೊಲಿದುಕೊಟ್ಟದ್ದೂ ಉಂಟು. ಮನೆಯವರೇ ಹೊಲಿದರೆ ಅದಕ್ಕೆ ಕೂಲಿಯಿಲ್ಲ, ಅದನ್ನು ಕೆಲಸವೆಂದು ಕರೆದವರೂ ಕಡಿಮೆ.

ಈ ವಿದ್ಯೆ ಹಲವು ಹೆಸರುಗಳಲ್ಲಿ ದೇಶದ ತುಂಬ ಹರಡಿದೆ. ಮರಾಠಿಯಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಂಚಿನಲ್ಲಿ ಬದುಕುವ, ಆಫ್ರಿಕ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಇದನ್ನು ಕವಂದಿ ಎನ್ನುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫೂಲ’ ಅಂದರೆ ಹೂವು ಇಡದಿದ್ದರೆ ಅವರ ಪಾಲಿಗೆ ಕವಂದಿ ಪೂರ್ಣವಾಗುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಮಹಿಳೆಯರ ಕವಂದಿಗಳ ಪ್ರದರ್ಶನ ನಡೆಯಿತು. ನೆಲದ ಮೇಲೆ ಹಾಸುತ್ತಿದ್ದದ್ದು ಗೋಡೆಯ ಮೇಲೆ ಕಲಾಕೃತಿಯಾಗಿ ತೂಗಿತು.

ಎರಡು ಅಂಗುಲದ ಬದಲಾವಣೆ

ಗಟ್ಟಿ ತಳ, ಮೇಲೆ ತೆಳುವಾದ ಮೆತ್ತನೆ ಪದರು. ಇದು ಬಡತನದ ಹೊಂದಾಣಿಕೆ ಮಾತ್ರವೇ? ಅಲ್ಲವೆನ್ನಲು ಆಧಾರವಿದೆ. ಬೆನ್ನುನೋವಿದ್ದವರು ಗಟ್ಟಿ ಹಾಸಿಗೆಯಲ್ಲೇ ಮಲಗಬೇಕೆಂಬ ನಂಬಿಕೆ ಬಹುಕಾಲ ಇತ್ತು. ಸ್ಪೇನ್ ದೇಶದಲ್ಲಿ ಬಹುದಿನದ ಸೊಂಟನೋವಿದ್ದ 313 ಜನರ ಮೇಲೆ ನಡೆದ ಅಧ್ಯಯನ 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೆ ಹೆಚ್ಚು ಆರಾಮ ಸಿಕ್ಕಿತೆಂದು ಅದು ಹೇಳಿತು. ತಳ ಮೈಯನ್ನು ಜೋಲಲು ಬಿಡಬಾರದು. ಮೇಲ್ಪದರು ಭುಜ, ಸೊಂಟದ ಮೂಳೆಗೆ ಒತ್ತಬಾರದು. ಒಂದು ಪದರು ಹೆಚ್ಚಿಸಿ, ಒಂದು ತೆಗೆದು ನೋಡುತ್ತಿದ್ದ ಮನೆಯವರು ಹುಡುಕುತ್ತಿದ್ದದ್ದೂ ಈ ಹದವನ್ನೇ.

ಆ ಹದವನ್ನು ಸರಕಾರವೊಂದು ಗಮನಿಸಿದ ಪ್ರಸಂಗವೂ ಇದೆ. ವಾಡಿಯಂಥ ಜಂಕ್ಷನ್‌ಗಳಲ್ಲಿ ರಾತ್ರಿ ರೈಲು ಹತ್ತುತ್ತಿದ್ದ ಎರಡನೇ ದರ್ಜೆಯ ಪ್ರಯಾಣಿಕರಿಗೆ ಒಂದು ಕಾಲದಲ್ಲಿ ಸಿಗುತ್ತಿದ್ದದ್ದು ಬರೀ ಮರದ ಹಲಗೆ. ಮನೆಯಿಂದ ಹಾಸಿಗೆ ಸುತ್ತಿಕೊಂಡು ತಂದವರು ಪುಣ್ಯವಂತರು. 1977ರಿಂದ 1979ರವರೆಗೆ ರೈಲ್ವೆ ಸಚಿವರಾಗಿದ್ದ ಮಧು ದಂಡವತೆ ಆ ಹಲಗೆಗಳ ಮೇಲೆ ಎರಡು ಅಂಗುಲದ ಫೋಮ್ ಹಾಕಿಸಲು ಮುಂದಾದರು. ಮೊದಲ ದರ್ಜೆಯನ್ನು ಕೀಳಾಗಿಸುವುದಲ್ಲ, ಎರಡನೇ ದರ್ಜೆಯನ್ನು ಮೇಲೆತ್ತುವುದು ಅವರ ನಿಲುವಾಗಿತ್ತು. ಇಂದು ಸ್ಲೀಪರ್ ಬೋಗಿಯಲ್ಲಿ ಮಲಗುವವರು ಅದನ್ನು ನೆನೆಯದಿರಬಹುದು, ಆದರೆ ಕೋಟ್ಯಂತರ ಜನರ ಬೆನ್ನಿಗೆ ಆ ಎರಡು ಅಂಗುಲ ಗೊತ್ತು.

ಹೋದದ್ದು, ಬಂದದ್ದು

ರೈಲಿಗೆ ಬಂದ ಫೋಮ್ ಮನೆಗಳಿಗೂ ಬಂದಿತು. ಅದರ ಮೂಲ ಜರ್ಮನಿಯಲ್ಲಿದೆ. ಅಲ್ಲಿ 1937ರಲ್ಲಿ ಆಟೊ ಬೇಯರ್ ಎಂಬ ರಸಾಯನಶಾಸ್ತ್ರಜ್ಞ ಮತ್ತು ಸಂಗಡಿಗರು ಪಾಲಿಯುರೆಥೇನನ್ನು ಕಂಡುಹಿಡಿದರು. ಒತ್ತಿದರೆ ನಿಧಾನವಾಗಿ ಮೇಲೇಳುವ ಮೆಮೊರಿ ಫೋಮ್ 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಆಸನಗಳ ಮೆತ್ತೆಯ ಕೆಲಸದಲ್ಲಿ ಹುಟ್ಟಿತು. ಇಂದಿನ ಅನೇಕ ಟಾಪರ್‌ಗಳು ಇದರವೇ.

ಇತ್ತ ಕೌದಿಯ ಕಚ್ಚಾವಸ್ತುವೇ ಮಾಯವಾಗತೊಡಗಿತು. 1985ರ ಜವಳಿ ನೀತಿ ಕೃತಕ ನೂಲಿಗೆ ಉತ್ತೇಜನ ಕೊಟ್ಟಿತು. ಅಗ್ಗದ, ಇಸ್ತ್ರಿ ಬೇಡದ, ಬೇಗ ಒಣಗುವ ಪಾಲಿಯೆಸ್ಟರ್ ಸೀರೆ ದುಡಿಯುವ ಹೆಣ್ಣಿಗೆ ಅನುಕೂಲವೇ ಆಯಿತು. ಆದರೆ ಅದು ಬೆವರು ಹೀರುವುದಿಲ್ಲ, ಪದರು ಜಾರುತ್ತದೆ. ಅದರಿಂದ ಹೊಲಿದ ಕೌದಿ ನೋಡಲು ಚೆಂದ, ಮಲಗಲು ಸೆಕೆ. 1880ರ ದಶಕದಲ್ಲಿ ಶುರುವಾಗಿ ಕಲಬುರಗಿಯ ಹೆಸರನ್ನೇ ಹೊತ್ತಿದ್ದ ಹತ್ತಿ ಬಟ್ಟೆಯ ಎಂ.ಎಸ್.ಕೆ. ಮಿಲ್ಲು ಕೂಡ ಈಗ ಇಲ್ಲ. ಆ ಹೆಸರಿನ ಬಡಾವಣೆ ಉಳಿದಿದೆ.

ಫೋಮ್ ಹಾಸಿಗೆಯನ್ನು ದೂರಿ ಫಲವಿಲ್ಲ. ಸೊಂಟ ನೋಯುವ ಮುದುಕಿಗೆ ಅದು ಒಳ್ಳೆಯ ನಿದ್ದೆ ಕೊಟ್ಟರೆ ಅದೇ ದೊಡ್ಡದು. ಮಧ್ಯಾಹ್ನಗಳನ್ನೆಲ್ಲ ಸೂಜಿ ಹಿಡಿದು ಕಳೆಯಬೇಕಾದ ಕಷ್ಟವೂ ತಪ್ಪಿತು. ಆದರೆ ಫೋಮ್ ಕುಸಿದರೆ ಹಿಂಜುವವರಿಲ್ಲ. ಅದು ಊರ ಹೊರಗಿನ ಕಸದ ರಾಶಿ ಸೇರುತ್ತದೆ. ಕೌದಿ ಹರಿದರೆ ಅದರ ಮೇಲೊಂದು ಸೀರೆ ಹಾಸಿ ಮತ್ತೆ ಹೊಲಿಯುತ್ತಿದ್ದರು. ಹೀಗೆ ಅಜ್ಜಿಯ ಸೀರೆ ಮೊಮ್ಮಗನ ಬೆನ್ನಿನ ಕೆಳಗೆ ಉಳಿಯುತ್ತಿತ್ತು.

ಇಂದು ನಗರದ ಮಳಿಗೆಗಳಲ್ಲಿ ಕೈಹೊಲಿಗೆಯ ಕೌದಿಗೆ ಒಳ್ಳೆಯ ಬೆಲೆ ಇದೆ. ಬೆಲೆ ಬಂದದ್ದು ಸಂತೋಷವೇ. ಅದರಲ್ಲಿ ಹೊಲಿದವಳ ಪಾಲು ಎಷ್ಟು ಎಂಬುದು ಕೇಳಬೇಕಾದ ಪ್ರಶ್ನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತ ಬಂದರು. ಕಾಲು ಚಾಚಿದವರ ಅಳತೆಗೆ ಹಾಸಿಗೆಯನ್ನು ಒಂದೊಂದು ತೇಪೆ ಸೇರಿಸಿ ದೊಡ್ಡದು ಮಾಡಿದವರು ಮನೆಯೊಳಗಿನ ಹೆಣ್ಣುಮಕ್ಕಳು. ಶಹಾಬಾದದ ಕಲ್ಲನ್ನು ಮಲಗಲು ಆಗುವಂತೆ ಮಾಡಿದ್ದು ಅವರ ಸೂಜಿ.