ಹಿಂದೆ ಬರುವವನ ದೀಪ

ಮೋಟಾರು ನಮ್ಮ ಹಾದಿಗಳಿಗೆ ಹೊಸತಾಗಿದ್ದ ಕಾಲದಲ್ಲಿ, ವೇಗವನ್ನು ತಗ್ಗಿಸಬಯಸುವ ಸಾರಥಿಯು ಬಲಗೈಯನ್ನು ಹೊರಚಾಚಿ, ಅಂಗೈಯನ್ನು ನೆಲದ ಕಡೆಗೆ ತಿರುಹಿ, ಮೆಲ್ಲನೆ ಮೇಲೆ ಕೆಳಗೆ ಆಡಿಸಿ ಹಿಂದಿನವರಿಗೆ ತನ್ನ ಇಂಗಿತವನ್ನು ತಿಳಿಸುತ್ತಿದ್ದನು. ಇರುಳಿನಲ್ಲಿಯೂ ಮಳೆಯಲ್ಲಿಯೂ ಕಾಣದಾಗುತ್ತಿದ್ದ ಆ ಹಸ್ತಮುದ್ರೆಯ ಕಾರ್ಯವನ್ನು ಕ್ರಮೇಣ ಕೆಂಪು ದೀಪವೊಂದು ವಹಿಸಿಕೊಂಡಿತು. ಕೈಯ ಮಾತನ್ನು ಕಾಲು ಆಡತೊಡಗಿತು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡಿನ ಮಾದರಿಯಿಂದ ಹುಟ್ಟಿ, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಿಡರ್ ಕಾರಿನ ಹಳೆಯ ಮಾದರಿಗಳಲ್ಲಿ ಈ ದೀಪದ ಸ್ವಿಚ್ಚು ಬ್ರೇಕಿನ ಎಣ್ಣೆಯ ಕೊಳವೆಯಲ್ಲಿಯೇ ಇರುತ್ತಿದ್ದಿತು. ಪೆಡಲನ್ನು ತುಳಿದೊಡನೆ ದ್ರವದ ಒತ್ತಡವು ಒಳಗಿನ ತೆಳುಪೊರೆಯನ್ನು ನೂಕಿ ಎರಡು ಲೋಹದ ತುದಿಗಳನ್ನು ಕೂಡಿಸುವುದು. 21 ವ್ಯಾಟಿನ ಎರಡು ಬಲ್ಬುಗಳಿಗೆ 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರು ಹರಿಯುವುದರಿಂದ, ಆ ತುದಿಗಳು ವರ್ಷಾನುವರ್ಷ ಕಿಡಿಯುಂಡು ಕರಕಲಾಗಿ, ಮೊದಲು ಬಲವಾಗಿ ತುಳಿದರೆ ಮಾತ್ರ ಬೆಳಗುತ್ತಿದ್ದ ದೀಪವು ಕಡೆಗೆ ನಂದಿಯೇ ಹೋಗುವುದು.

ಈ ದೋಷವನ್ನು ಹುಡುಕುವ ವಿದ್ಯೆಯು ಉಸ್ತಾದನಿಂದ ಹುಡುಗನಿಗೆ, ಪುಸ್ತಕದ ಹಂಗಿಲ್ಲದೆ, ಒಂದು ಟೆಸ್ಟ್ ಲ್ಯಾಂಪಿನೊಡನೆ ಸಾಗಿಬಂದಿದೆ. ಮೊದಲು ಬಲ್ಬು, ಅನಂತರ ಫ್ಯೂಸು. ಅವೆರಡೂ ಸರಿಯಿದ್ದರೆ, ಕೀಲಿಯನ್ನು ತಿರುಗಿಸಿಟ್ಟು, ಸ್ವಿಚ್ಚಿನ ಎರಡು ವೈರುಗಳನ್ನು ತಂತಿಯ ತುಂಡೊಂದರಿಂದ ಬೆಸೆಯುವುದು. ದೀಪ ಹತ್ತಿದರೆ ತಪ್ಪು ಸ್ವಿಚ್ಚಿನದು, ಇಲ್ಲವೇ ತುಳಿತವನ್ನು ಅದಕ್ಕೆ ಮುಟ್ಟಿಸದ ಬ್ರೇಕಿನದು. ಹತ್ತದಿದ್ದರೆ, ಅಲ್ಲಿಯವರೆಗೆ ಕರೆಂಟು ಬಂದಿದೆಯೇ ಎಂದು ಟೆಸ್ಟ್ ಲ್ಯಾಂಪು ಹಿಡಿದು ನೋಡಿ, ಬಂದಿದ್ದರೆ ಹಿಂದಕ್ಕೆ ಹೋಗುವ ವೈರನ್ನೂ ತುಕ್ಕು ಹಿಡಿದ ಅರ್ತನ್ನೂ ಶೋಧಿಸುವುದು. ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕವೆಂದು ಕರೆದ ಕ್ರಮವು ಇದಲ್ಲದೆ ಬೇರೆಯಲ್ಲ.

ಮುಂದೆ ಸ್ವಿಚ್ಚು ಎಣ್ಣೆಯನ್ನು ಬಿಟ್ಟು ಪೆಡಲಿನ ಪಕ್ಕಕ್ಕೆ ಬಂದಿತು. ಎಪ್ಪತ್ತರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳ ಹಿಂಗಾಜಿನ ಬುಡದಲ್ಲಿ ಇನ್ನೊಂದು ದೀಪವನ್ನಿರಿಸಿ ಮನಶ್ಶಾಸ್ತ್ರಜ್ಞ ಜಾನ್ ವೋವೊಡ್‌ಸ್ಕಿಯವರು ನಡೆಸಿದ ಪ್ರಯೋಗದಲ್ಲಿ ಹಿಂದಿನಿಂದ ಗುದ್ದುವ ಅಪಘಾತಗಳು ಬಹಳವಾಗಿ ತಗ್ಗಿದುವು. 1986ರ ಮಾದರಿಯ ಕಾರುಗಳಿಂದ ಅಮೆರಿಕದಲ್ಲಿ ಮೂರನೆಯ ಬ್ರೇಕ್ ದೀಪವು ಕಡ್ಡಾಯವಾಯಿತು.

ಎಷ್ಟು ಮಾರ್ಪಟ್ಟರೂ, ಕಾರಿನಲ್ಲಿ ಕುಳಿತವನು ಕಾಣಲಾರದ, ಅಪರಿಚಿತನ ರಕ್ಷಣೆಗೆಂದೇ ಉರಿಯುವ ದೀಪವಿದು. ಆದುದರಿಂದಲೇ ಗ್ಯಾರೇಜಿನಲ್ಲಿ ಇದರ ಪರೀಕ್ಷೆಗೆ ಇಂದಿಗೂ ಇಬ್ಬರು ಬೇಕು: ಒಬ್ಬನು ಪೆಡಲನ್ನು ತುಳಿದು ಕಾಯುತ್ತಾನೆ, ಹಿಂದೆ ನಿಂತ ಹುಡುಗನು “ಬಂತು” ಎಂದು ಕೂಗಿದ ಮೇಲೆಯೇ ಕಾಲನ್ನು ತೆಗೆಯುತ್ತಾನೆ.